ಹೊಸ ಎಂಸಿಬಿ ಕಂಡಮಾತ್ರಕ್ಕೆ ವೈರಿಂಗ್ ಹೊಸದಲ್ಲ

ಕೊಳ್ಳಲಿರುವ ಹಳೆಯ ಮನೆಯ ವಿದ್ಯುತ್ ಬೋರ್ಡಿನಲ್ಲಿ ಎಂಸಿಬಿಗಳು (ಮಿತಿಮೀರಿ ವಿದ್ಯುತ್ ಹರಿದಾಗ ಟ್ರಿಪ್ ಆಗುವ, ಅಂದರೆ ತಾವಾಗಿಯೇ ಆಫ್ ಆಗುವ ಸ್ವಿಚ್‌ಗಳು) ಹೊಸದಾಗಿರುವುದರಿಂದ ವೈರಿಂಗ್ ಕೂಡ ಹೊಸದೆಂದು ನಂಬಬಹುದೇ, ಮುಚ್ಚಳ ತೆಗೆದು ನೀವೇ ನೋಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ನಂಬಬೇಡಿ. ಗೋಡೆಯೊಳಗಿನ ಹಳೆಯ ತಂತಿಗಳನ್ನು ಹಾಗೆಯೇ ಬಿಟ್ಟು ಬೋರ್ಡನ್ನಷ್ಟೇ ಬದಲಿಸುವುದು ಸುಲಭ.

ಮುಖ್ಯವಾಗಿ ನೋಡಬೇಕಾದದ್ದು ಎಂಸಿಬಿಯ ಆಂಪಿಯರ್‌ಗೂ ಅದರಿಂದ ಹೊರಡುವ ತಂತಿಯ ದಪ್ಪಕ್ಕೂ ಇರುವ ಹೊಂದಾಣಿಕೆ. ಎಂಸಿಬಿ ಇರುವುದು ಮೊದಲಿಗೆ ತಂತಿಯನ್ನು ಕಾಪಾಡಲು, 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ 32 ಆಂಪಿಯರ್‌ನದನ್ನು ಹಾಕಿದ್ದರೆ, ತಂತಿ ಮಿತಿಮೀರಿ ಕಾದು ಅದರ ಹೊದಿಕೆ ಹಾಳಾಗುತ್ತಿದ್ದರೂ ಅದು ಟ್ರಿಪ್ ಆಗದೇ ಇರಬಹುದು. ಪದೇ ಪದೇ ಟ್ರಿಪ್ ಆಗುತ್ತದೆಂಬ ಕಾರಣಕ್ಕೇ ದೊಡ್ಡದನ್ನು ಹಾಕಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಅತ್ಯಂತ ಗಂಭೀರ ದೋಷ.

ಮುಚ್ಚಳವನ್ನು ಮಾತ್ರ ನೀವು ತೆಗೆಯಬೇಡಿ. ಮೇನ್ ಸ್ವಿಚ್ ಆರಿಸಿದ ಮೇಲೂ ಒಳಬರುವ ತಂತಿಗಳ ಟರ್ಮಿನಲ್‌ಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಅರ್ಹ ಎಲೆಕ್ಟ್ರಿಷಿಯನ್ ತೆರೆದಾಗ, ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿಯ ಸ್ಕ್ರೂಗಳ ಬಳಿ ತಂತಿಯ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಪೆಡಸಾಗಿದೆಯೇ ಎಂದು ತೋರಿಸಲು ಹೇಳಿ. ಸಡಿಲ ಸಂಪರ್ಕದಿಂದ ಕಾದಾಗ ಹೀಗಾಗುತ್ತದೆ.

ಆರ್‌ಸಿಸಿಬಿ (ವಿದ್ಯುತ್ ಸೋರಿದಾಗ ಸಂಪರ್ಕ ಕಡಿದುಹಾಕುವ ಸ್ವಿಚ್) ಇದ್ದರೆ, ಜೀವರಕ್ಷಣೆಗೆ ಅದರ ಮೇಲೆ 30 ಮಿಲಿಆಂಪಿಯರ್ ಎಂದಿರಬೇಕು ಮತ್ತು ಟೆಸ್ಟ್ ಗುಂಡಿ ಒತ್ತಿದೊಡನೆ ಅದು ಟ್ರಿಪ್ ಆಗಬೇಕು. ಆದರೆ ಆ ಗುಂಡಿ ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ತಿಳಿಸುವುದಿಲ್ಲವಾದ್ದರಿಂದ, ಅರ್ಥಿಂಗ್ ಹಾಗೂ ತಂತಿಗಳ ಹೊದಿಕೆಯ ಇನ್ಸುಲೇಷನ್ ಎರಡನ್ನೂ ಉಪಕರಣದಿಂದ ಅಳೆಸಿ, ವರದಿಯನ್ನು ಮುಂಗಡ ಹಣ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.