ಕನಿಷ್ಠ ಮೊತ್ತ ಕಟ್ಟುತ್ತಿದ್ದರೂ ಸಾಲ ಏಕೆ ಕರಗುತ್ತಿಲ್ಲ?

ಪ್ರಶ್ನೆ: ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ಕಳೆದ ವರ್ಷ ಕ್ರೆಡಿಟ್ ಕಾರ್ಡ್ ಪಡೆದು ಲ್ಯಾಪ್‌ಟಾಪ್ ಕೊಂಡೆ. ಆಮೇಲೆ ಗೆಳತಿಯರ ಜೊತೆ ಹೋದಲ್ಲೆಲ್ಲ ನನ್ನ ಕಾರ್ಡನ್ನೇ ಕೊಡುವುದು ರೂಢಿಯಾಯಿತು. ಅವರು ತಮ್ಮ ಪಾಲನ್ನು ಕೆಲವೊಮ್ಮೆ ಕೊಟ್ಟರು, ಹಲವು ಬಾರಿ ಮರೆತರು. ಪ್ರತಿ ತಿಂಗಳೂ ಕನಿಷ್ಠ ಮೊತ್ತ ಕಟ್ಟುತ್ತಿದ್ದೇನೆ, ಸಾಲ ಮಾತ್ರ ಇಳಿಯುತ್ತಿಲ್ಲ. ಈಚೆಗೆ ಎರಡನೇ ಕಾರ್ಡಿನಿಂದ ನಗದು ತೆಗೆದು ಮೊದಲನೆಯದಕ್ಕೆ ಕಟ್ಟಿದೆ. ಅರೆಕಾಲಿಕ ಕೆಲಸದ ದುಡ್ಡು ಸಾಲುತ್ತಿಲ್ಲ. ಅಪ್ಪನಿಗೆ ಹೇಳಲು ಭಯ. ಒಂದು ವರ್ಷ ಓದು ನಿಲ್ಲಿಸಿ, ದುಡಿದು ತೀರಿಸಲೇ?
– ಹೆಸರು ಬೇಡ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಓದು ನಿಲ್ಲಿಸಬೇಡಿ. ಸಾಲದ ಅವಧಿಯನ್ನು ಬ್ಯಾಂಕಿನವರೊಂದಿಗೆ ಮಾತನಾಡಿ ಹಿಗ್ಗಿಸಿಕೊಳ್ಳಲು ದಾರಿಗಳಿವೆ; ಒಮ್ಮೆ ಬಿಟ್ಟ ತರಗತಿಗೆ ಮರಳುವುದು ಅಷ್ಟು ಸಲೀಸಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಉಪದೇಶವನ್ನೂ ನಾನು ಮಾಡುವುದಿಲ್ಲ. ಅದನ್ನು ನೀವೇ ನಿಮಗೆ ಸಾಕಷ್ಟು ಬಾರಿ ಹೇಳಿಕೊಂಡಿರುವಂತಿದೆ.

ಕಾರ್ಡ್ ಕೊಟ್ಟವರು ನಿಮಗೆ ಬಿಡಿಸಿ ಹೇಳದಿರುವ ಲೆಕ್ಕವೊಂದಿದೆ. ತಿಂಗಳಿಗೆ ಶೇ 3ರ ಬಡ್ಡಿ, ಬಾಕಿಯ ಶೇ 5ರಷ್ಟು ಕನಿಷ್ಠ ಪಾವತಿ ಎಂದುಕೊಳ್ಳಿ. ನೂರು ಸಾಲವಿದ್ದರೆ, ಒಂದು ಪೈಸೆಯನ್ನೂ ಹೊಸದಾಗಿ ಖರ್ಚು ಮಾಡದೆ ವರ್ಷವಿಡೀ ಕನಿಷ್ಠ ಮೊತ್ತ ಕಟ್ಟಿದರೆ, ನಿಮ್ಮ ಕೈಯಿಂದ ಸುಮಾರು 55 ಹೋಗುತ್ತದೆ, ಸಾಲ 77ಕ್ಕೆ ಇಳಿಯುತ್ತದೆ. ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಸಂದಾಯ! ನಿಮ್ಮ ಕಾರ್ಡಿನ ದರ ಬೇರೆ ಇರಬಹುದು, ಬಿಲ್ಲಿನಲ್ಲಿ ನೋಡಿ. ಆದರೆ ನೀವು ಅಶಿಸ್ತಿನವರು ಎಂಬ ಕಾರಣಕ್ಕೆ ಸಾಲ ಇಳಿಯುತ್ತಿಲ್ಲ ಎಂದುಕೊಂಡಿದ್ದರೆ ಅದನ್ನು ಬಿಡಿ. ಕನಿಷ್ಠ ಪಾವತಿಯಿಂದ ವಿಳಂಬ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ.

ಬಾಕಿ ಉಳಿಸಿಕೊಂಡವರಿಗೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ; ಹೊಸ ಖರೀದಿಗೆ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ನಗದು ತೆಗೆದರೆ ಶುಲ್ಕವೂ ಉಂಟು, ಅಂದಿನಿಂದಲೇ ಬಡ್ಡಿಯೂ ಉಂಟು. ಅಂದರೆ ಎರಡನೇ ಕಾರ್ಡಿನಿಂದ ನೀವು ತೀರಿಸಿದ್ದೇನೂ ಇಲ್ಲ. ನಿಯತ ಆದಾಯವಿಲ್ಲದ ವಿದ್ಯಾರ್ಥಿನಿಗೆ ಎರಡನೇ ಕಾರ್ಡ್ ಕೊಟ್ಟವರ ಬಗ್ಗೆ ನನಗೆ ಸಿಟ್ಟಿದೆ, ಆದರೆ ನನ್ನ ಸಿಟ್ಟಿನಿಂದ ನಿಮ್ಮ ಬಿಲ್ ಕಡಿಮೆಯಾಗದು.

ಇವತ್ತೇ ಎರಡೂ ಕಾರ್ಡುಗಳ ಬಳಕೆ ನಿಲ್ಲಿಸಿ. ಮೊಬೈಲಿನಲ್ಲಿ ಉಳಿಸಿಟ್ಟ ಕಾರ್ಡ್ ವಿವರಗಳನ್ನು ಅಳಿಸಿ, ತಾನಾಗಿ ಹಣ ಕಡಿತವಾಗುವ ಚಂದಾಗಳನ್ನು ರದ್ದು ಮಾಡಿ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಕರೆ ಮಾಡಿ, ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಬದಲಿಸಲು ಕೇಳಿ. ಒಪ್ಪಿದರೆ ಶುಲ್ಕವೆಷ್ಟು, ಒಟ್ಟು ಕಟ್ಟಬೇಕಾದದ್ದೆಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ‘ಇಷ್ಟು ಕಟ್ಟಿ, ಉಳಿದದ್ದು ಮನ್ನಾ’ ಎಂಬ ಮಾತಿಗೆ ತಕ್ಷಣ ತಲೆಯಾಡಿಸಬೇಡಿ. ಪೂರ್ತಿ ತೀರಿಸಲಿಲ್ಲ ಎಂಬ ದಾಖಲೆ ಸಾಲದ ಇತಿಹಾಸದಲ್ಲಿ ಉಳಿದು ಮುಂದೆ ತೊಡಕಾಗಬಹುದು. ಎರಡೂ ಕಾರ್ಡುಗಳಿಗೆ ಕನಿಷ್ಠ ಮೊತ್ತವನ್ನು ಗಡುವಿನೊಳಗೆ ಕಟ್ಟಿ, ಮಿಕ್ಕಿದ್ದನ್ನೆಲ್ಲ ಹೆಚ್ಚು ಬಡ್ಡಿಯ ಕಾರ್ಡಿಗೆ ಹಾಕಿ. ನಿಮಿಷಗಳಲ್ಲಿ ಸಾಲ ಕೊಡುವ ಆ್ಯಪ್‌ಗಳ ಸಹವಾಸ ಬೇಡವೇ ಬೇಡ.

ಇನ್ನು ಗೆಳತಿಯರು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲು. ಅವರ ಪಾಲಿನ ಬಡ್ಡಿಯನ್ನು ತಿಂಗಳುಗಟ್ಟಲೆ ನೀವು ಕಟ್ಟುತ್ತಿದ್ದೀರಿ, ಅದು ಅವರಿಗೆ ಗೊತ್ತೇ ಇಲ್ಲದಿರಬಹುದು. ಹಳೆಯ ಬಿಲ್ಲುಗಳನ್ನು ತೆಗೆದು, ಯಾರಿಂದ ಎಷ್ಟು ಬರಬೇಕೆಂದು ಪಟ್ಟಿ ಮಾಡಿ, ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿ. ಗುಂಪಿನಲ್ಲಿ ಕೇಳಿದರೆ ನಗುವಿನಲ್ಲಿ ತೇಲಿಹೋಗುತ್ತದೆ. ‘ನಾನು ಸಾಲದಲ್ಲಿದ್ದೇನೆ, ನಿನ್ನ ಪಾಲು ಬೇಕು’ ಎಂದರೆ ಸಾಕು, ಕ್ಷಮೆ ಕೇಳುವ ಅಗತ್ಯವಿಲ್ಲ. ಒಬ್ಬಿಬ್ಬರು ಮುನಿಸಿಕೊಂಡಾರು. ಮುನಿಸಿಕೊಳ್ಳಲಿ. ಮುಂದೆ ಎಲ್ಲರೂ ತಮ್ಮ ತಮ್ಮದನ್ನು ಅಲ್ಲೇ ಕೊಡಲಿ.

ಅಪ್ಪನ ವಿಷಯ. ಬೈಗುಳ ತಪ್ಪುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಆದರೆ ಬಾಕಿ ಕಟ್ಟದೆ ಉಳಿದು, ವಸೂಲಿಯವರ ಕರೆಯಿಂದ ಅವರಿಗೆ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದಲೇ ತಿಳಿಯುವುದು ಲೇಸು. ಅಳುತ್ತಾ ಹೋಗಬೇಡಿ, ಕಾಗದ ಹಿಡಿದು ಹೋಗಿ: ಎರಡೂ ಕಾರ್ಡುಗಳ ಬಾಕಿ, ಬಡ್ಡಿ ದರ, ನಿಮ್ಮ ತಿಂಗಳ ಗಳಿಕೆ, ಗೆಳತಿಯರಿಂದ ಬರಬೇಕಾದದ್ದು, ಬ್ಯಾಂಕಿನವರು ಹೇಳಿದ ಕಂತು. ನೀವು ನಗದು ತೆಗೆದ ಕಾರ್ಡಿನ ಬಾಕಿಯೊಂದನ್ನು ಅಪ್ಪ ತೀರಿಸಿಕೊಟ್ಟು, ನೀವು ಅವರಿಗೆ ಬಡ್ಡಿಯಿಲ್ಲದೆ ತಿಂಗಳಿಗಿಷ್ಟೆಂದು ಮರಳಿಸುವಂತಾದರೂ ಹೊರೆ ಬಹಳ ತಗ್ಗುತ್ತದೆ. ಅಪ್ಪನೆದುರು ಮಾತೇ ಹೊರಡದಿದ್ದರೆ ಅಮ್ಮನಿಗೋ, ಕಾಲೇಜಿನ ಆಪ್ತಸಮಾಲೋಚಕರಿಗೋ ಮೊದಲು ಹೇಳಿ. ಯಾರಿಗೆ ಹೇಳಿದರೂ ಮುಂದಿನ ಬಿಲ್ ಬರುವುದರೊಳಗೆ ಹೇಳಿಬಿಡಿ.