ಹಾಸ್ಯ ಕಲಾವಿದರು ಟಿವಿ ನಿರೂಪಕರಾಗಬಹುದಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಮಿಮಿಕ್ರಿ, ಸ್ಕಿಟ್ ಮಾಡುವವರು ಟಿವಿಯಲ್ಲಿ ನಿರೂಪಕರಾಗಬಹುದಾ? ಅದಕ್ಕೆ ಶಿರಾ ಬಿಟ್ಟು ಬೆಂಗಳೂರಿನಲ್ಲಿ ಮನೆ ಮಾಡಬೇಕಾ? ನಾನು ತುಮಕೂರಿನಲ್ಲಿ ಗಣೇಶೋತ್ಸವ, ಕಾಲೇಜು ವಾರ್ಷಿಕೋತ್ಸವಗಳ ನಿರೂಪಣೆ ಮಾಡುತ್ತೇನೆ. ಮೊದಲು ನಾನೂ ಮಿಮಿಕ್ರಿ ಮಾಡುತ್ತಿದ್ದೆ.

ಖಂಡಿತ ಆಗಬಹುದು. ಆದರೆ ಎರಡೂ ಒಂದೇ ಕೆಲಸ ಅಂದುಕೊಂಡು ಹೋಗಬೇಡಿ. ಹಾಸ್ಯ ಮಾಡುವಾಗ ಚಪ್ಪಾಳೆ ನಮಗೆ ಬೀಳಬೇಕು. ನಿರೂಪಣೆ ಮಾಡುವಾಗ ಅದನ್ನು ಪಕ್ಕದವರಿಗೆ ಬೀಳಿಸಬೇಕು. ತುಟಿಗೆ ಬಂದ ಜೋಕನ್ನು ನುಂಗಿಕೊಳ್ಳೋದಿದೆಯಲ್ಲ, ಅದಕ್ಕೆ ತುಂಬ ಅಭ್ಯಾಸ ಬೇಕು.

ಮಾಸ್ಟರ್ ಆನಂದ್ ಅವರನ್ನು ಗಮನಿಸಿ. 1991ರ 'ಗೌರಿ ಗಣೇಶ' ಸಿನಿಮಾದಲ್ಲಿ ನಮ್ಮನ್ನು ನಗಿಸಿದ ಹುಡುಗ ಅವರೇ. 2016ರಲ್ಲಿ ಜೀ ಕನ್ನಡದ 'ಡ್ರಾಮಾ ಜೂನಿಯರ್ಸ್' ನಿರೂಪಣೆಗೆ ಬಂದಾಗ ಅವರ ಎದುರು ಇದ್ದದ್ದು ಪುಟ್ಟ ಮಕ್ಕಳು. ಕ್ಯಾಮೆರಾ ಮುಂದೆ ಮಗುವಿಗೆ ಹೇಗನಿಸುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಮೇಲೆ 'ಕಾಮಿಡಿ ಕಿಲಾಡಿಗಳು' ಬಂತು. ಅದು ಇನ್ನೂ ಕಷ್ಟದ ಜಾಗ. ಈಗ ತಾನೇ ಒಂದು ಸ್ಕಿಟ್ ಮುಗಿದಿದೆ, ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಆಗ ನಿರೂಪಕ ಅದಕ್ಕಿಂತ ದೊಡ್ಡ ಜೋಕ್ ಹೊಡೆದರೆ ಆಡಿದವರಿಗೆ ಮೋಸ. ಸುಮ್ನೆ ನಿಂತರೆ ಮುಂದಿನ ತಂಡ ಬರುವಷ್ಟರಲ್ಲಿ ಸಭೆ ತಣ್ಣಗಾಗುತ್ತದೆ. ಎರಡರ ನಡುವೆ ಒಂದು ಸಣ್ಣ ಮಾತು ಸಾಕು. ಆ ಅಳತೆ ಗೊತ್ತಿರುವವರು ಕಡಿಮೆ. ನನ್ನ ಪ್ರಕಾರ ಆನಂದ್ ಅವರಿಗೆ ಅದು ಚೆನ್ನಾಗಿ ಗೊತ್ತು.

2015ರಲ್ಲಿ ಶುರುವಾದ ಹಾಸ್ಯ ಶೋ 'ಮಜಾ ಟಾಕೀಸ್' ಕೂಡ ನೋಡಿ. ಸೃಜನ್ ಲೋಕೇಶ್ ಮನೆಯ ಯಜಮಾನ ಇದ್ದಂತೆ, ಆದರೆ ನಗು ಜಾಸ್ತಿ ಬರುತ್ತಿದ್ದದ್ದು ಸುತ್ತ ಇದ್ದವರಿಂದ. ಅಲ್ಲಿ ವರಲಕ್ಷ್ಮಿಯಾಗಿ ನಗಿಸಿದ ಅಪರ್ಣಾ ಅವರದು ಇದರ ಉಲ್ಟಾ ದಾರಿ. ವರ್ಷಗಟ್ಟಲೆ ಅಚ್ಚುಕಟ್ಟಾಗಿ ನಿರೂಪಣೆ ಮಾಡಿ, ಆಮೇಲೆ ಹಾಸ್ಯಕ್ಕೆ ಬಂದವರು. 2024ರಲ್ಲಿ ಅವರು ತೀರಿಕೊಂಡಾಗ ನನಗೆ ಮನೆಯವರನ್ನೇ ಕಳೆದುಕೊಂಡಷ್ಟು ಸಂಕಟವಾಯಿತು.

ಎಷ್ಟು ಕಾಲ ಬೇಕು ಅಂದರೆ, ಹಿಂದಿ ಟಿವಿಯ ಕಪಿಲ್ ಶರ್ಮಾ ಹಾಸ್ಯ ಸ್ಪರ್ಧೆ ಗೆದ್ದದ್ದು 2007ರಲ್ಲಿ. ತಮ್ಮದೇ ಹೆಸರಿನ ಶೋ ಸಿಕ್ಕಿದ್ದು 2013ರಲ್ಲಿ. ಅವರೂ ಅಮೃತಸರದಿಂದ ಮುಂಬೈಗೆ ಹೋದವರು.

ಸಣ್ಣ ಊರಿನವನು ಅಂತ ಹಿಂಜರಿಯಬೇಡಿ. ಗುಬ್ಬಿ ವೀರಣ್ಣ, ತಿಪಟೂರಿನ ನರಸಿಂಹರಾಜು, ತುರುವೇಕೆರೆ ಕಡೆಯ ಜಗ್ಗೇಶ್, ಎಲ್ಲರೂ ನಮ್ಮ ಜಿಲ್ಲೆಯವರೇ ಅಲ್ವಾ?

ಮನೆ ಮಾಡುವ ಆತುರ ಬೇಡ. ಚಾನೆಲ್‌ನವರು ಜಿಲ್ಲಾ ಕೇಂದ್ರಗಳಲ್ಲೂ ಆಡಿಷನ್ ಇಡುತ್ತಾರೆ. ಈ ಸಲ ಗಣೇಶನ ಹಬ್ಬಕ್ಕೆ ನಿಮ್ಮ ಬೀದಿಯ ಕಾರ್ಯಕ್ರಮದಲ್ಲಿ ಮಿಮಿಕ್ರಿ ಬದಲು ನಿರೂಪಣೆ ಕೇಳಿ ತಗೊಳ್ಳಿ. ಪೂರ್ತಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಸಿ. ಮಾರನೇ ದಿನ ಕೂತು ನೋಡುವಾಗ ನಿಮ್ಮ ಜೋಕುಗಳನ್ನು ಬಿಡಿ. ಹಾಡಿದ ಹುಡುಗಿ, ಮಾತಾಡಿದ ಹಿರಿಯರು ನಿಮ್ಮ ಪಕ್ಕ ನಿಂತಾಗ ಹೇಗಿದ್ದರು ಅಂತ ನೋಡಿ. ಅವರು ಆರಾಮಾಗಿ ಮಾತಾಡಿದ್ದರೆ ಆ ವೀಡಿಯೊವನ್ನೇ ಆಡಿಷನ್‌ಗೆ ತಗೊಂಡು ಹೋಗಿ.