ಟ್ಯೂಬಿನ ತುದಿ ಬೇಗ ಕಪ್ಪಾಗುವುದೇಕೆ?

ಪ್ರಶ್ನೆ: ರಬಕವಿ-ಬನಹಟ್ಟಿಯಲ್ಲಿ ನನ್ನದೊಂದು ವಿದ್ಯುತ್ ಮಗ್ಗಗಳ ಶೆಡ್ಡು ಇದೆ. ಮಗ್ಗಗಳ ಮೇಲೆ 36 ವ್ಯಾಟಿನ 16 ಟ್ಯೂಬ್‌ಲೈಟುಗಳಿವೆ. ಹಳೆಯ ತಾಮ್ರದ ಚೋಕುಗಳನ್ನು ತೆಗೆಸಿ ಅಗ್ಗದ ಎಲೆಕ್ಟ್ರಾನಿಕ್ ಚೋಕು ಹಾಕಿಸಿದ ಮೇಲೆ, ಮೊದಲು ಎರಡು ವರ್ಷ ಬಾಳುತ್ತಿದ್ದ ಟ್ಯೂಬುಗಳ ತುದಿಗಳು ನಾಲ್ಕೈದು ತಿಂಗಳಿಗೇ ಕಪ್ಪಾಗುತ್ತಿವೆ. ಕರೆಂಟು ಹೋಗಿ ಬಂದಾಗ 6 ಆಂಪಿಯರಿನ ಎಂ.ಸಿ.ಬಿ. (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಕೂಡ ಕೆಲವೊಮ್ಮೆ ಬೀಳುತ್ತದೆ. ಹಾಸಿನಲ್ಲಿ ಒಂದು ಎಳೆ ಹರಿದರೂ ಕಣ್ಣಿಗೆ ಬೀಳಬೇಕಾದ ಕೆಲಸ ನಮ್ಮದು, ಬೆಳಕಿಲ್ಲದೆ ನಡೆಯುವುದಿಲ್ಲ. ಚೋಕುಗಳನ್ನೆಲ್ಲ ಮತ್ತೆ ಬದಲಿಸುವಷ್ಟು ಹಣ ಸದ್ಯಕ್ಕಿಲ್ಲ. ಕಡಿಮೆ ಖರ್ಚಿನ ದಾರಿ ಇದೆಯೇ?
– ಮಗ್ಗದ ಮಾಲೀಕರು, ರಬಕವಿ-ಬನಹಟ್ಟಿ

ಉತ್ತರ: ದಾರಿ ಇದೆ. ಆದರೆ ತಾವು ಬರೆದಿರುವುದು ಒಂದು ತೊಂದರೆಯಲ್ಲ, ಎರಡು. ಟ್ಯೂಬು ಕಪ್ಪಾಗುವುದಕ್ಕೆ ಕಾರಣ ಚೋಕಿನಿಂದ ಟ್ಯೂಬಿನ ಕಡೆಗಿದೆ, ಎಂ.ಸಿ.ಬಿ. ಬೀಳುವುದಕ್ಕೆ ಕಾರಣ ಚೋಕಿನಿಂದ ಲೈನಿನ ಕಡೆಗಿದೆ. ‘ಸಾಫ್ಟ್ ಸ್ಟಾರ್ಟ್’ (ಮೆಲ್ಲಗೆ ಹಚ್ಚುವುದು) ಎಂಬ ಒಂದೇ ಹೆಸರನ್ನು ಎರಡರ ಪರಿಹಾರಕ್ಕೂ ಬಳಸುವುದರಿಂದ ಅಂಗಡಿಯವರೂ ಗಿರಾಕಿಗಳೂ ಒಟ್ಟಿಗೇ ಗೊಂದಲಕ್ಕೆ ಬೀಳುತ್ತಾರೆ.

ಮೊದಲು ಟ್ಯೂಬಿನ ವಿಷಯ ನೋಡೋಣ. ತೆಗೆದಿಟ್ಟ ಒಂದು ಟ್ಯೂಬಿನ ತುದಿಯ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದರೆ ಎರಡು-ಮೂರು ಓಮ್ ತೋರಿಸುತ್ತದೆ. ಒಳಗಿರುವ ಟಂಗ್‌ಸ್ಟನ್ ಫಿಲಮೆಂಟಿನ ತಣ್ಣಗಿನ ರೋಧ ಅದು. ಆ ಫಿಲಮೆಂಟಿನ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಆಕ್ಸೈಡುಗಳ ಬಿಳಿಯ ಲೇಪ ಇರುತ್ತದೆ, ಮತ್ತು ಟ್ಯೂಬಿನ ಆಯುಷ್ಯವೆಲ್ಲ ಈ ಲೇಪದಲ್ಲಿಯೇ ಇದೆ. ಲೇಪ ಕೆಂಪಗೆ ಕಾದಾಗ ಎಲೆಕ್ಟ್ರಾನುಗಳನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಅದು ತಣ್ಣಗಿರುವಾಗಲೇ ಟ್ಯೂಬಿನ ಮೇಲೆ ಭಾರಿ ವೋಲ್ಟೇಜು ಹೇರಿದರೆ, ಟ್ಯೂಬಿನೊಳಗಿನ ಅನಿಲದ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಬಂದು ಬಡಿದು ಲೇಪವನ್ನು ಕಿತ್ತು ಹಾರಿಸುತ್ತವೆ. ಹಾಗೆ ಹಾರಿದ್ದು ಪಕ್ಕದ ಗಾಜಿಗೆ ಅಂಟಿಕೊಳ್ಳುವುದನ್ನೇ ತಾವು ಕಪ್ಪು ಉಂಗುರವಾಗಿ ನೋಡುತ್ತಿದ್ದೀರಿ.

ತಮ್ಮ ಹಳೆಯ ತಾಮ್ರದ ಚೋಕು ಈ ಕೆಲಸವನ್ನು ತನಗರಿವಿಲ್ಲದೆಯೇ ಸರಿಯಾಗಿ ಮಾಡುತ್ತಿತ್ತು. ಸ್ಟಾರ್ಟರಿನೊಳಗಿನ ಪಟ್ಟಿ ಬಾಗಿ ಕೂಡಿಕೊಂಡಾಗ ಕರೆಂಟು ಎರಡೂ ಫಿಲಮೆಂಟುಗಳ ಮೂಲಕ ಹರಿದು ಅವನ್ನು ಕಾಯಿಸುತ್ತಿತ್ತು, ಪಟ್ಟಿ ಬಿಟ್ಟುಕೊಂಡಾಗ ಚೋಕಿನ ಒದೆತಕ್ಕೆ ಟ್ಯೂಬು ಹತ್ತುತ್ತಿತ್ತು. ನಾವೆಲ್ಲ ಬೈಯುತ್ತಿದ್ದ, ಹತ್ತುವ ಮುಂಚಿನ ಆ ತಡವೇ ಟ್ಯೂಬನ್ನು ಉಳಿಸುತ್ತಿತ್ತು. ಅಗ್ಗದ ಎಲೆಕ್ಟ್ರಾನಿಕ್ ಚೋಕಿನಲ್ಲಿ ಕಾಯಿಲ್ ಮತ್ತು ಕೆಪಾಸಿಟರು ಒಂದಕ್ಕೊಂದು ತಾಳ ಹೊಂದಿ ವೋಲ್ಟೇಜು ಬೆಳೆಸುವ ಅನುರಣನದಿಂದ ಸ್ವಿಚ್ ಹಾಕಿದ ಕ್ಷಣದಲ್ಲೇ ನೂರಾರು ವೋಲ್ಟು ಏಳುತ್ತದೆ. ‘ಹಾಕಿದ ಕೂಡಲೇ ಹತ್ತುತ್ತದೆ ನೋಡ್ರಿ’ ಎಂದು ಅಂಗಡಿಯಲ್ಲಿ ಹೊಗಳಿ ಮಾರುವ ಗುಣವೇ ಟ್ಯೂಬಿಗೆ ಮುಳುವಾಗುತ್ತದೆ.

ಇದಕ್ಕೆ ಅಗ್ಗದ ಪರಿಹಾರವೆಂದರೆ ಪಿ.ಟಿ.ಸಿ. ಥರ್ಮಿಸ್ಟರ್ ಎಂಬ ಕಾಳಿನಷ್ಟು ದೊಡ್ಡ ಬಿಲ್ಲೆ. ತಣ್ಣಗಿರುವಾಗ ಅದರ ರೋಧ ಕೆಲವು ನೂರು ಓಮ್ ಮಾತ್ರ, ಸುಮಾರು 120 ಡಿಗ್ರಿಗೆ ಕಾದೊಡನೆ ಸಾವಿರಾರು ಪಟ್ಟು ಏರುತ್ತದೆ. ಟ್ಯೂಬಿಗೆ ಅಡ್ಡಲಾಗಿ, ಫಿಲಮೆಂಟುಗಳ ಮೂಲಕ ಸೇರಿರುವ ಕೆಪಾಸಿಟರಿಗೆ ಇದನ್ನು ಪ್ಯಾರಲಲ್ ಆಗಿ ಕೂಡಿಸಿದರೆ, ಮೊದಲ ಅರ್ಧ-ಒಂದು ಸೆಕೆಂಡು ಅನುರಣನ ಏಳುವುದಿಲ್ಲ, ಕರೆಂಟು ಫಿಲಮೆಂಟುಗಳನ್ನು ಕಾಯಿಸುತ್ತ ಹರಿಯುತ್ತದೆ, ಅಷ್ಟರಲ್ಲಿ ಬಿಲ್ಲೆ ತಾನೂ ಕಾದು ದಾರಿ ಮುಚ್ಚುತ್ತದೆ, ವೋಲ್ಟೇಜು ಏರಿ ಟ್ಯೂಬು ಹತ್ತುತ್ತದೆ. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಮೀಟರು ಬೇಕಿಲ್ಲ: ಹತ್ತುವ ಮುನ್ನ ಎರಡೂ ತುದಿಗಳಲ್ಲಿ ಕಿತ್ತಳೆ ಬಣ್ಣದ ಹೊಳಪು ಒಂದು ಕ್ಷಣ ಕಾಣಬೇಕು.

ನೇರವಾಗಿ ಕೂಡಿಸುವಾಗ ಬಿಲ್ಲೆಯು ಟ್ಯೂಬು ಹತ್ತುವ ಗಳಿಗೆಯ ಪೂರ್ತಿ ವೋಲ್ಟೇಜನ್ನು ತಾಳುವಂಥದ್ದಿರಬೇಕು. ಅದಕ್ಕಿಂತ ಸುರಕ್ಷಿತವಾದ ಕ್ರಮವೆಂದರೆ, ಇರುವ ಒಂದು ಕೆಪಾಸಿಟರಿನ ಬದಲು ಅದರ ಸುಮಾರು ಎರಡರಷ್ಟು ಮೌಲ್ಯದ ಎರಡನ್ನು ಸೀರೀಸಿನಲ್ಲಿ ಹಾಕಿ, ಒಂದಕ್ಕೆ ಮಾತ್ರ ಬಿಲ್ಲೆಯನ್ನು ಅಡ್ಡ ಕೂಡಿಸುವುದು. ಹೀಗೆ ಮಾಡಿದಾಗ ಬಿಲ್ಲೆಯ ಮೇಲಿನ ಒತ್ತಡವೂ ಅದು ಕುಡಿಯುವ ಕರೆಂಟೂ ಕಡಿಮೆಯಾಗುತ್ತದೆ. ಆದರೆ ಕಾಯಿಸುವ ಆ ಒಂದು ಸೆಕೆಂಡಿನಲ್ಲಿ ಚೋಕಿನ ಟ್ರಾನ್ಸಿಸ್ಟರುಗಳಿಗೆ ಹೆಚ್ಚಿನ ಹೊರೆ ಬೀಳುವುದರಿಂದ, 16 ಚೋಕುಗಳನ್ನೂ ಒಮ್ಮೆಲೇ ಬಿಚ್ಚಬೇಡಿ. ಬಲ್ಲ ಮೆಕ್ಯಾನಿಕರಿಂದ ಒಂದನ್ನು ಮಾಡಿಸಿ, ಮೊದಲ ಸಲ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟು ನೋಡಿ, ಒಂದು ವಾರ ಮಗ್ಗದ ಮೇಲೆ ಓಡಿಸಿ, ಆಮೇಲೆ ಉಳಿದವಕ್ಕೆ ಕೈ ಹಾಕಿಸಿ. ಒಳಗಿನ ದೊಡ್ಡ ಕೆಪಾಸಿಟರು ಸ್ವಿಚ್ ತೆಗೆದ ಮೇಲೂ 300 ವೋಲ್ಟಿಗಿಂತ ಹೆಚ್ಚನ್ನು ಹಿಡಿದಿಟ್ಟುಕೊಳ್ಳಬಲ್ಲದು, ಅದನ್ನು ರೆಸಿಸ್ಟರಿನಿಂದ ಖಾಲಿ ಮಾಡದೆ ಬೆರಳು ತಾಗಿಸಬಾರದು.

ಈ ಬಿಲ್ಲೆಗೆ ಒಂದು ದೌರ್ಬಲ್ಯವಿದೆ, ಮತ್ತು ಅದು ತಮ್ಮಂಥ ಶೆಡ್ಡಿನಲ್ಲಿಯೇ ಹೆಚ್ಚು ಕಾಡುತ್ತದೆ. ಕರೆಂಟು ಹೋಗಿ ಐದಾರು ಸೆಕೆಂಡಿಗೇ ಮರಳಿದರೆ ಫಿಲಮೆಂಟು ಆಗಲೇ ಆರಿರುತ್ತದೆ, ಬಿಲ್ಲೆ ಮಾತ್ರ ಇನ್ನೂ ಕಾದಿರುತ್ತದೆ. ಆಗ ಕಾಯಿಸುವ ಹಂತವೇ ತಪ್ಪಿಹೋಗಿ ಟ್ಯೂಬು ಮತ್ತೆ ತಣ್ಣಗೇ ಹತ್ತುತ್ತದೆ. ಆದ್ದರಿಂದ ಕರೆಂಟು ಹೋದೊಡನೆ ದೀಪಗಳ ಸ್ವಿಚ್ ತೆಗೆದು, ಬಂದ ಮೇಲೆ ಒಂದು ನಿಮಿಷ ತಡೆದು ಹಾಕುವ ರೂಢಿ ಮಾಡಿಕೊಳ್ಳಿ, ಇಲ್ಲವೆ ಲೈನಿಗೆ ತಡವಾಗಿ ಹಚ್ಚುವ ಟೈಮರ್ ರಿಲೇ ಹಾಕಿಸಿ.

ಆ ರಿಲೇ ತಮ್ಮ ಎರಡನೆಯ ತೊಂದರೆಗೂ ಮದ್ದಾಗುತ್ತದೆ. 16 ಟ್ಯೂಬುಗಳೆಂದರೆ 576 ವ್ಯಾಟು, 230 ವೋಲ್ಟಿಗೆ ಎರಡೂವರೆ ಆಂಪಿಯರು. ಅಗ್ಗದ ಚೋಕುಗಳ ಪವರ್ ಫ್ಯಾಕ್ಟರು (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.6 ಎಂದು ಹಿಡಿದರೂ ಸುಮಾರು 4.2 ಆಂಪಿಯರು, ಅಂದರೆ ಎಂ.ಸಿ.ಬಿ. ಹೊರೆಯಿಂದ ಬೀಳುತ್ತಿಲ್ಲ. ಹಚ್ಚಿದ ಕ್ಷಣದಲ್ಲಿ ಪ್ರತಿ ಚೋಕಿನ ಖಾಲಿ ಕೆಪಾಸಿಟರು ಲೈನಿನ 325 ವೋಲ್ಟಿನ ಶಿಖರದಿಂದ ಒಮ್ಮೆಲೇ ಕರೆಂಟು ಹೀರುವುದೇ ಕಾರಣ. ಚೋಕಿನ ಮುಂದೆ 47 ಓಮಿನ ಎನ್.ಟಿ.ಸಿ. ಥರ್ಮಿಸ್ಟರ್ ಹಾಕಿದರೆ, ಅದು ತಣ್ಣಗಿರುವಾಗ ಒಂದು ಚೋಕಿನ ಸೆಳೆತ 7 ಆಂಪಿಯರು ಮೀರುವುದಿಲ್ಲ. ಇದು ಪಿ.ಟಿ.ಸಿ.ಗೆ ತದ್ವಿರುದ್ಧ, ಕಾದಂತೆ ರೋಧ ಇಳಿಯುತ್ತದೆ. ಆದರೂ 16 ಸೇರಿದರೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ನೂರು ಆಂಪಿಯರಿನ ಮೇಲಾಗುವುದರಿಂದ ಎನ್.ಟಿ.ಸಿ. ಒಂದನ್ನೇ ನಂಬುವಂತಿಲ್ಲ. ಎಂಟೆಂಟರ ಎರಡು ಲೈನು ಮಾಡಿಸಿ, ಒಂದೊಂದಕ್ಕೂ ಬೇರೆ ಎಂ.ಸಿ.ಬಿ. ಇಟ್ಟು, ಎರಡನೆಯದು ಮೊದಲನೆಯದಕ್ಕಿಂತ ಮೂರು-ನಾಲ್ಕು ಸೆಕೆಂಡು ತಡವಾಗಿ ಹತ್ತುವಂತೆ ರಿಲೇ ಹೊಂದಿಸಿ. ಈಗಿನ ಎಂ.ಸಿ.ಬಿ. ಬಿ ಮಾದರಿಯದಾಗಿದ್ದರೆ, ಅದು ತನ್ನ ಮೇಲೆ ಬರೆದ ಆಂಪಿಯರಿನ ಮೂರರಿಂದ ಐದು ಪಟ್ಟು ಕರೆಂಟಿಗೆ ಥಟ್ಟನೆ ಬೀಳುತ್ತದೆ, ಸಿ ಮಾದರಿಯದು ಐದರಿಂದ ಹತ್ತು ಪಟ್ಟಿನವರೆಗೆ ತಾಳುತ್ತದೆ. ಅರ್ಥಿಂಗ್ ಸರಿಯಿರುವುದನ್ನು ನೋಡಿಕೊಂಡು 6 ಆಂಪಿಯರಿನದೇ ಸಿ ಮಾದರಿ ಹಾಕಿಸಿ. ವೈರು ನೋಡದೆ 16 ಆಂಪಿಯರಿಗೆ ಏರಿಸುವುದು ಮಾತ್ರ ಬೇಡ, ಹತ್ತಿಯ ಧೂಳು ತುಂಬಿದ ಶೆಡ್ಡು ಅದು.

ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದದ ದೇಶಗಳ 2023ರ ತೀರ್ಮಾನದಂತೆ ಪಾದರಸವಿರುವ ಇಂಥ ಟ್ಯೂಬುಗಳ ತಯಾರಿಕೆ 2027ರ ಅಂತ್ಯಕ್ಕೆ ನಿಲ್ಲಬೇಕಾಗಿರುವುದರಿಂದ, ಚೋಕು ತಾನಾಗಿ ಸತ್ತ ಟ್ಯೂಬ್‌ಲೈಟ್ ಪಟ್ಟಿಗಳಿಗೆ ಮತ್ತೆ ಚೋಕು ಕೊಳ್ಳದೆ ಎಲ್.ಇ.ಡಿ. ಹಾಕುತ್ತ ಹೋಗುವುದು ನನ್ನ ಮಟ್ಟಿಗೆ ಸರಿಯಾದ ಲೆಕ್ಕ.

ಪ್ರಶ್ನೆ: ನಮ್ಮ ಕಬಡ್ಡಿ ಅಂಗಳದಲ್ಲಿ 400 ವ್ಯಾಟಿನ ನಾಲ್ಕು ಮೆಟಲ್ ಹ್ಯಾಲೈಡ್ ದೀಪಗಳಿವೆ. ಕರೆಂಟು ಕಣ್ಣು ಮಿಟುಕಿಸಿದರೆ ಸಾಕು, ಮತ್ತೆ ಹತ್ತಲು ಹತ್ತು-ಹದಿನೈದು ನಿಮಿಷ ಬೇಕು. ಸಾಫ್ಟ್ ಸ್ಟಾರ್ಟರ್ ಹಾಕಿದರೆ ಸರಿಹೋದೀತೇ?
– ಯುವಕ ಮಂಡಳದ ಸದಸ್ಯರು, ವಿಜಯಪುರ

ಉತ್ತರ: ಇಲ್ಲ. ಬಿಸಿಯಾದ ದೀಪದೊಳಗಿನ ಆವಿಯ ಒತ್ತಡ ಬಹಳ ಹೆಚ್ಚಿರುವುದರಿಂದ, ದೀಪ ಹಚ್ಚುವ ಇಗ್ನೈಟರಿನ ಮೂರು-ನಾಲ್ಕು ಸಾವಿರ ವೋಲ್ಟಿನ ಹೊಡೆತಕ್ಕೂ ಅದು ಹತ್ತುವುದಿಲ್ಲ, ತಣಿಯಲೇಬೇಕು. ನಾಲ್ಕು ಕಂಬಗಳ ಪೈಕಿ ಎರಡರಲ್ಲಿ ಒಂದೊಂದು ಎಲ್.ಇ.ಡಿ. ಫ್ಲಡ್‌ಲೈಟು ಸೇರಿಸಿದರೆ ಅಂಗಳ ಪೂರ್ತಿ ಕತ್ತಲಾಗುವುದಿಲ್ಲ. ಹೊಸ ಇಗ್ನೈಟರು ಕೊಳ್ಳುವಾಗ, ದೀಪ ಹತ್ತದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ತಾನೇ ನಿಲ್ಲುವಂಥದ್ದನ್ನು ಕೇಳಿ ಪಡೆಯಿರಿ. ಸತ್ತ ದೀಪದ ಮೇಲೆ ರಾತ್ರಿಯಿಡೀ ಬಡಿಯುತ್ತಿದ್ದರೆ ಇಗ್ನೈಟರೂ ಸುಡುತ್ತದೆ, ಹೋಲ್ಡರಿನ ವೈರೂ ಹಾಳಾಗುತ್ತದೆ.